ನೀರಿನ ಬಣ್ಣವೂ ಸರ್ ಸಿ. ವಿ. ರಾಮನ್ನರೂ

ಸಮುದ್ರದ ನೀಲಿ ನೀರಿನದಲ್ಲ, ಅದು ಆಕಾಶದ ಪ್ರತಿಬಿಂಬ ಎಂದು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯವರು ಹೇಳಿದ್ದರು. ಅಷ್ಟು ದೊಡ್ಡವರ ಮಾತನ್ನು ಪರೀಕ್ಷಿಸದೆ ಒಪ್ಪಲಾರದೆ ಹೋದವರು ಚಂದ್ರಶೇಖರ ವೆಂಕಟರಾಮನ್ನರು.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದ ಇವರು 1907ರಲ್ಲಿ ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಕಚೇರಿ, ಉಳಿದ ಹೊತ್ತೆಲ್ಲ ವಿಜ್ಞಾನ ಸಂಘದ ಪ್ರಯೋಗಶಾಲೆ. 1917ರಲ್ಲಿ ಆ ಹುದ್ದೆಯನ್ನು ತೊರೆದು, ಕಡಮೆ ಸಂಬಳದ ಪ್ರಾಧ್ಯಾಪಕರಾದರು. ಮನೆತನದಲ್ಲೇ ಮೊದಲಿಗನಾಗಿ ಬಿ.ಎ. ಓದುತ್ತಿರುವ ನನ್ನಂಥವನಿಗೆ, ಕೈಯಲ್ಲಿದ್ದ ಸರಕಾರಿ ನೌಕರಿಯನ್ನು ಬಿಟ್ಟರೆಂಬುದೇ ನೊಬೆಲ್ ಬಹುಮಾನಕ್ಕಿಂತ ದೊಡ್ಡ ಸೋಜಿಗ!

1921ರಲ್ಲಿ ಆಕ್ಸ್‌ಫರ್ಡಿಗೆ ಹೋಗಿದ್ದ ಅವರು 'ನಾರ್ಕುಂಡ' ಎಂಬ ಹಡಗಿನಲ್ಲಿ ಹಿಂದಿರುಗಿದರು. ಜೊತೆಗಿದ್ದುದು ನಿಕೋಲ್ ಪ್ರಿಸಮ್ ಎಂಬ ಪುಟ್ಟ ಸ್ಫಟಿಕ. ತಕ್ಕ ಕೋನದಲ್ಲಿ ಅದರ ಮೂಲಕ ನೋಡಿದರೆ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕು ಆರಿಹೋಗುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಹಾಗೆ ನೋಡಿದಾಗ ಹೊಳಪು ಆರಿತು. ನೀಲಿ ಆರಲಿಲ್ಲ, ಬದಲಿಗೆ ಇನ್ನೂ ಗಾಢವಾಯಿತು. ಬಣ್ಣವು ನೀರಿನೊಳಗಿಂದಲೇ ಬರುತ್ತಿತ್ತು. ಹಡಗಿನ ಮೇಲಿಂದ ಕಂಡುದಕ್ಕೇ ಅವರು ತೃಪ್ತರಾಗಲಿಲ್ಲ. ಕಲ್ಕತ್ತೆಯಲ್ಲಿ ಧೂಳಿಲ್ಲದ ನೀರಿನೊಳಗೆ ಬೆಳಕು ಹಾಯಿಸಿ, ಅದರ ಅಣುಗಳು ಚದರಿಸುವ ಬೆಳಕನ್ನು ಅಳೆದು, 1922ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1928ರ ಫೆಬ್ರವರಿ 28ರ ಶೋಧಕ್ಕೂ 1930ರ ನೊಬೆಲ್ಲಿಗೂ ಹೋದ ದಾರಿ ಇದೇ. 1933ರಲ್ಲಿ ಬೆಂಗಳೂರಿಗೆ ಬಂದವರು ಇಲ್ಲಿಯವರೇ ಆದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ತಾವೇ ಕಟ್ಟಿದ ಸಂಶೋಧನಾಲಯದ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು.

ಸಮುದ್ರದ ಬಣ್ಣವನ್ನು ಬಾನಿನಿಂದಲೇ ಅಳೆಯಲು ನಮ್ಮ ದೇಶವು 1999ರಲ್ಲಿ ಓಷನ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದಕ್ಕೂ ರಾಮನ್ನರಿಗೆ ಎದುರಾದ ತೊಡಕೇ ಎದುರಾಯಿತು: ಮೇಲಿನಿಂದ ಕಾಣುವ ಬೆಳಕಿನಲ್ಲಿ ಬಹುಪಾಲು ಗಾಳಿಯದು, ನೀರಿನದು ಸ್ವಲ್ಪವೇ. ನೇತ್ರಾವತಿಯಂಥ ನದಿಗಳು ಕೆಸರು ಸುರಿಯುವ ಕರಾವಳಿಯಲ್ಲಂತೂ ಕೆಸರು ಯಾವುದು, ಪಾಚಿ ಯಾವುದು ಎಂಬುದೇ ಗೊಂದಲ. ಆದುದರಿಂದ ಉಪಗ್ರಹ ಹಾದುಹೋಗುವ ಹೊತ್ತಿಗೇ ದೋಣಿಯಲ್ಲಿ ಹೋಗಿ, ನೀರು ಮೊಗೆದು, ಸೋಸಿ, ಅದರಲ್ಲಿರುವ ಹಸಿರನ್ನು ಅಳೆದು, ಎರಡು ಲೆಕ್ಕಗಳನ್ನೂ ತಾಳೆ ನೋಡುತ್ತಾರೆ.

ಹೊಸಪೇಟೆಯವರಾದ ನಮಗೆ ಸಮುದ್ರ ದೂರ. ಆದರೆ ತುಂಗಭದ್ರಾ ಜಲಾಶಯವಿದೆ. ಮಳೆಗಾಲದಲ್ಲಿ ಅದರ ನೀರು ಕೆಂಪು. ಕೆಲವು ವರ್ಷ ಪಾಚಿಯಿಂದ ಹಸಿರು. ನಾವು ಕುಡಿಯುವುದೂ ಕಂಪ್ಲಿಯ ಭತ್ತದ ಗದ್ದೆಗಳಿಗೆ ಹರಿಯುವುದೂ ಅದೇ ನೀರು. ಹಸಿರು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಉಪಗ್ರಹದ ಚಿತ್ರ ತೋರಿಸೀತು. ಅದು ಯಾವ ಜಾತಿಯ ಪಾಚಿ, ಅದರಲ್ಲಿ ವಿಷವಿದೆಯೇ ಎಂಬುದನ್ನು ಮಾತ್ರ ಸೀಸೆಯಲ್ಲಿ ತುಂಬಿ ತಂದ ನೀರೇ ಹೇಳಬೇಕು.