ಮಗುವಿನ ತಲೆಗೊಂದು ಕವಾಟ: ರೋಆಲ್ಡ್ ಡಾಲನ ಜೀವನಕಥೆ

ಮಹಾಪುರುಷರ ಚರಿತ್ರೆಯೆಂದರೆ ರಾಜ್ಯವನ್ನಾಳಿದವರ, ಯುದ್ಧವನ್ನು ಗೆದ್ದವರ, ಗ್ರಂಥಗಳನ್ನು ರಚಿಸಿದವರ ಚರಿತ್ರೆಯೆಂದು ಸಾಮಾನ್ಯವಾಗಿ ನಾವು ತಿಳಿಯುತ್ತೇವೆ. ಆದರೆ ಮನುಷ್ಯನ ಬೆಲೆ ಗೊತ್ತಾಗುವುದು ಹಲವು ವೇಳೆ ಆತನ ಮನೆಯೊಳಗೆ, ಕಾಯಿಲೆ ಬಿದ್ದ ಮಗುವಿನ ತೊಟ್ಟಿಲ ಬಳಿಯಲ್ಲಿ. ಚಾಕೊಲೇಟಿನ ಕಾರ್ಖಾನೆಯ ಕಥೆಯನ್ನೂ ಮೆಟಿಲ್ಡಾ ಎಂಬ ಜಾಣ ಹುಡುಗಿಯ ಕಥೆಯನ್ನೂ ಬರೆದ ರೋಆಲ್ಡ್ ಡಾಲನ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಆ ಕಥೆಗಳನ್ನು ಚಲನಚಿತ್ರಗಳಾಗಿ ನೋಡಿದವರೂ ಉಂಟು. ಆದರೆ ತನ್ನ ಹಸುಗೂಸಿನ ತಲೆಯಲ್ಲಿ ನೀರು ತುಂಬಿದಾಗ ಆತನು ಏನು ಮಾಡಿದನು, ಅದರಿಂದ ಪರರ ಮಕ್ಕಳಿಗೆ ಎಂಥ ಉಪಕಾರವಾಯಿತು ಎಂಬುದನ್ನು ಬಲ್ಲವರು ಕಡಿಮೆ. ಅದನ್ನೇ ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಡಾಲನು 1916ನೆಯ ಇಸವಿ ಸೆಪ್ಟೆಂಬರ್ 13ರಂದು ವೇಲ್ಸ್ ದೇಶದ ಕಾರ್ಡಿಫ್ ನಗರದ ಲ್ಯಾಂಡಾಫ್ ಎಂಬಲ್ಲಿ ಜನಿಸಿದನು. ತಂದೆ ಹೆರಾಲ್ಡ್, ತಾಯಿ ಸೋಫಿ ಮ್ಯಾಗ್ಡಲೀನ್. ಇಬ್ಬರೂ ನಾರ್ವೆ ದೇಶದವರು. ಮನೆಯಲ್ಲಿ ನಾರ್ವೆಯ ಭಾಷೆ, ಬೀದಿಯಲ್ಲಿ ಇಂಗ್ಲಿಷು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹುಡುಗನಿಗೆ ಮೂರು ವರ್ಷವಾಗಿದ್ದಾಗ, 1920ರಲ್ಲಿ, ಏಳು ವರ್ಷದ ಅಕ್ಕನು ಕರುಳಿನ ರೋಗದಿಂದ ತೀರಿಕೊಂಡಳು. ಕೆಲವೇ ವಾರಗಳಲ್ಲಿ ತಂದೆಯೂ ಶ್ವಾಸಕೋಶದ ಜ್ವರದಿಂದ ಮಡಿದನು. ತಾಯಿ ತವರುನಾಡಿಗೆ ಹಿಂದಿರುಗಬಹುದಾಗಿದ್ದಿತು. ಮಕ್ಕಳು ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿಯಬೇಕೆಂಬುದು ಪತಿಯ ಇಚ್ಛೆಯಾಗಿದ್ದುದರಿಂದ ಆಕೆ ಅಲ್ಲಿಯೇ ನಿಂತು ಸಂಸಾರವನ್ನು ನಡೆಸಿದಳು.

ಆ ಶಾಲೆಗಳಲ್ಲಿ ಹುಡುಗನಿಗೆ ಸುಖವಿರಲಿಲ್ಲ. ಬೆತ್ತದ ಏಟು ಧಾರಾಳವಾಗಿ ಬೀಳುತ್ತಿದ್ದಿತು. ರೆಪ್ಟನ್ ಶಾಲೆಯಲ್ಲಿದ್ದಾಗ ಮಾತ್ರ ಒಂದು ಸಂತೋಷವಿದ್ದಿತು. ಕ್ಯಾಡ್ಬರಿ ಕಂಪನಿಯವರು ತಾವು ಹೊಸದಾಗಿ ತಯಾರಿಸಿದ ಚಾಕೊಲೇಟುಗಳನ್ನು ರುಚಿ ನೋಡಿ ಅಭಿಪ್ರಾಯ ತಿಳಿಸುವುದಕ್ಕಾಗಿ ಅಲ್ಲಿನ ಹುಡುಗರಿಗೆ ಕಳುಹಿಸುತ್ತಿದ್ದರು. ಮುಂದೆ ಬರೆದ ಪ್ರಸಿದ್ಧ ಕಥೆಯ ಬೀಜ ಮನಸ್ಸಿನಲ್ಲಿ ಬಿದ್ದುದು ಆಗಲೇ. ಡಾಲನು ಕಾಲೇಜಿಗೆ ಹೋಗಲಿಲ್ಲ. 1934ರಲ್ಲಿ ಶೆಲ್ ಎಣ್ಣೆ ಕಂಪನಿಯನ್ನು ಸೇರಿ, ಅನಂತರ ಪೂರ್ವ ಆಫ್ರಿಕದ ಟಾಂಗನ್ಯೀಕಕ್ಕೆ ಹೋದನು. 1939ರಲ್ಲಿ ಮಹಾಯುದ್ಧ ಆರಂಭವಾಗಲು ವಿಮಾನದಳಕ್ಕೆ ಸೇರಿದನು. 1940ರ ಸೆಪ್ಟೆಂಬರಿನಲ್ಲಿ ಆತನ ವಿಮಾನವು ಮರಳುಗಾಡಿನಲ್ಲಿ ಬಿದ್ದು ಹೊತ್ತಿ ಉರಿಯಿತು. ತಲೆಬುರುಡೆ ಬಿರುಕುಬಿಟ್ಟಿತು, ಕೆಲವು ವಾರಗಳ ಕಾಲ ಕಣ್ಣು ಕಾಣಲಿಲ್ಲ. ತಲೆಯ ಪೆಟ್ಟೆಂದರೇನು, ಕುರುಡೆಂದರೇನು ಎಂಬುದು ಹೀಗೆ ಆತನಿಗೆ ಸ್ವಂತ ಶರೀರದಿಂದಲೇ ತಿಳಿಯಿತು. 1942ರಲ್ಲಿ ಅಮೆರಿಕದ ವಾಷಿಂಗ್‌ಟನ್ನಿಗೆ ಉದ್ಯೋಗದ ಮೇಲೆ ಹೋದಾಗ ಆತನ ಮೊದಲ ಕಥೆ ಅಚ್ಚಾಯಿತು. ಅಲ್ಲಿಂದ ಮುಂದೆ ಬರವಣಿಗೆಯೇ ಜೀವನೋಪಾಯವಾಯಿತು.

1953ರಲ್ಲಿ ಡಾಲನು ಪೆಟ್ರಿಸಿಯ ನೀಲ್ ಎಂಬ ಅಮೆರಿಕದ ಹೆಸರಾಂತ ನಟಿಯನ್ನು ವಿವಾಹವಾದನು. ಒಲಿವಿಯ, ಟೆಸ್ಸ ಎಂಬ ಇಬ್ಬರು ಹೆಣ್ಣುಮಕ್ಕಳಾದ ಮೇಲೆ 1960ರ ಜುಲೈ 30ರಂದು ಥಿಯೋ ಎಂಬ ಗಂಡುಮಗುವಾಯಿತು. ಅದೇ ವರ್ಷ ಡಿಸೆಂಬರ್ 5ರಂದು ನ್ಯೂಯಾರ್ಕಿನಲ್ಲಿ ದಾದಿಯು ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ರಸ್ತೆಯನ್ನು ದಾಟುತ್ತಿರುವಾಗ ಬಾಡಿಗೆ ಮೋಟಾರೊಂದು ಬಂದು ಗಾಡಿಗೆ ಬಡಿಯಿತು. ಗಾಡಿಯು ನಿಂತಿದ್ದ ಬಸ್ಸಿಗೆ ಅಪ್ಪಳಿಸಿತು. ನಾಲ್ಕು ತಿಂಗಳ ಶಿಶುವಿನ ತಲೆಬುರುಡೆ ಒಡೆಯಿತು. ಜೀವ ಉಳಿಯಿತು, ಆದರೆ ಕೆಲವು ದಿನಗಳಲ್ಲಿ ತಲೆಯೊಳಗೆ ನೀರು ತುಂಬತೊಡಗಿತು. ವೈದ್ಯರು ಇದನ್ನು ಹೈಡ್ರೋಸೆಫಾಲಸ್ ಎನ್ನುತ್ತಾರೆ. ಕನ್ನಡದಲ್ಲಿ ಜಲಮಸ್ತಿಷ್ಕ ರೋಗವೆನ್ನಬಹುದು.

ಈ ರೋಗದ ಸ್ವರೂಪವನ್ನು ನಾವು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮೆಲ್ಲರ ಮೆದುಳಿನೊಳಗೂ ನಾಲ್ಕು ಕುಹರಗಳಿವೆ. ಅವುಗಳಲ್ಲಿ ತಿಳಿನೀರಿನಂಥ ದ್ರವವೊಂದು ಸದಾ ಊರುತ್ತಿರುತ್ತದೆ. ದೊಡ್ಡವರಲ್ಲಿ ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಷ್ಟು ಊರುತ್ತದೆ. ಆದರೆ ಯಾವುದೇ ಒಂದು ಹೊತ್ತಿನಲ್ಲಿ ಇರುವುದು ಸುಮಾರು 150 ಮಿಲಿಲೀಟರು ಮಾತ್ರ. ಉಳಿದುದು ಇಕ್ಕಟ್ಟಾದ ದಾರಿಗಳಲ್ಲಿ ಹರಿದು ಮೆದುಳಿನ ಹೊರಭಾಗವನ್ನು ಬಳಸಿ ರಕ್ತವನ್ನು ಸೇರಿಬಿಡುತ್ತದೆ. ವೇಲಚೇರಿಯಲ್ಲಿ ವಾಸಿಸುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆ ತುಂಬಿದರೆ ನೀರು ಪಳ್ಳಿಕರಣೈ ಜೌಗಿಗೆ ಇಳಿದು, ಅಲ್ಲಿಂದ ಒಕ್ಕಿಯಂ ಮಡುವಿನ ಮೂಲಕ ಸಮುದ್ರದ ಕಡೆಗೆ ಸಾಗಬೇಕು. 2015ರ ಡಿಸೆಂಬರಿನಲ್ಲಿ ನಮ್ಮ ಬೀದಿಗಳು ಮುಳುಗಿದಾಗ ಸುರಿದ ಮಳೆಯೊಂದೇ ಕಾರಣವಾಗಿರಲಿಲ್ಲ. ನೀರು ಹೊರಹೋಗುವ ದಾರಿ ಸಾಲದೆ ಹೋದುದೂ ಕಾರಣವೇ. ತಲೆಯೊಳಗೂ ಹಾಗೆಯೇ. ದಾರಿ ಕಟ್ಟಿದರೆ ದ್ರವ ನಿಂತು ಮೆದುಳನ್ನು ಒತ್ತುತ್ತದೆ. ಶಿಶುವಿನ ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಕೊಂಡಿರುವುದಿಲ್ಲವಾದುದರಿಂದ ತಲೆ ಮಿತಿಮೀರಿ ಬೆಳೆಯುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆಗಳು ಕೆಳಕ್ಕೆ ಇಳಿದಂತೆ ತೋರುತ್ತವೆ. ಮಗು ವಾಂತಿ ಮಾಡಿಕೊಳ್ಳುತ್ತದೆ, ಮಂಕಾಗಿ ಮಲಗುತ್ತದೆ.

ಕೆಲವು ಮಕ್ಕಳಿಗೆ ಈ ರೋಗ ಹುಟ್ಟಿನಿಂದಲೇ ಬರುತ್ತದೆ. ಗರ್ಭದಲ್ಲಿಯೇ ಆ ದಾರಿ ಕಿರಿದಾಗಿರಬಹುದು. ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳಲ್ಲಿಯೂ ಇದು ಬಹಳ. ಇನ್ನು ಕೆಲವರಿಗೆ ಮೆದುಳಿನ ಪೊರೆಯ ಜ್ವರದಿಂದಲೂ, ಥಿಯೋವಿಗಾದಂತೆ ಪೆಟ್ಟು ಮತ್ತು ರಕ್ತಸ್ರಾವದಿಂದಲೂ ಬರುತ್ತದೆ. ಗ್ರಹಣದ ನೆರಳಾಗಲಿ, ತಾಯಿಯ ಪಾಪವಾಗಲಿ, ಯಾರ ಕಣ್ಣಾಗಲಿ ಇದಕ್ಕೆ ಕಾರಣವಲ್ಲ. ಇಂಥ ಮಗುವನ್ನು ಹೆತ್ತ ತಾಯಿ ನೆರೆಹೊರೆಯವರ ನಾಲಗೆಯಿಂದ ಪಡುವ ಸಂಕಟವು ರೋಗದ ಸಂಕಟಕ್ಕಿಂತ ಕಡಿಮೆಯದಲ್ಲವಾದುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ.

ಥಿಯೋವಿನ ಕಾಲಕ್ಕೆ ಒಂದು ಉಪಾಯ ಬಂದಿದ್ದಿತು. ಅದರ ಹಿಂದೆಯೂ ಒಬ್ಬ ತಂದೆಯಿದ್ದನು. ಅಮೆರಿಕದಲ್ಲಿ ಜಾನ್ ಹೋಲ್ಟರ್ ಎಂಬ ಯಂತ್ರಕುಶಲಿಯು ಬೀಗದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದನು. 1955ರಲ್ಲಿ ಹುಟ್ಟಿದ ಅವನ ಮಗ ಕೇಸಿಗೆ ಬೆನ್ನಿನ ದೋಷವೂ ತಲೆಯ ನೀರೂ ಹುಟ್ಟಿನಿಂದಲೇ ಇದ್ದವು. ನೀರು ಒಂದೇ ಕಡೆಗೆ ಹರಿಯುವಂತೆಯೂ ರಕ್ತ ಹಿಂದಕ್ಕೆ ನುಗ್ಗದಂತೆಯೂ ಮಾಡುವ ಕವಾಟವೊಂದು ಬೇಕಾಗಿದೆಯೆಂದು ಫಿಲಡೆಲ್ಫಿಯದ ಶಸ್ತ್ರವೈದ್ಯ ಸ್ಪಿಟ್ಜ್‌ನಿಂದ ತಿಳಿದ ಹೋಲ್ಟರನು, ಸಿಲಿಕೋನಿನ ಕೊಳವೆಯಲ್ಲಿ ಸಣ್ಣ ಸೀಳುಗಳನ್ನು ಮಾಡಿ ಅಂಥದೊಂದನ್ನು ರಚಿಸಿದನು. 1956ರಿಂದ ಅದು ಬಳಕೆಗೆ ಬಂದಿತು. ಕೇಸಿಯು ಬಾಲ್ಯದಲ್ಲಿಯೇ ತೀರಿಕೊಂಡನು. ಆದರೆ ತಂದೆಯ ಕವಾಟವು ಅಸಂಖ್ಯಾತ ಮಕ್ಕಳನ್ನು ಉಳಿಸಿತು.

ಥಿಯೋವಿನ ತಲೆಯಿಂದಲೂ ಕೊಳವೆಯೊಂದನ್ನು ಹೊರಡಿಸಿ ರಕ್ತನಾಳಕ್ಕೆ ಸೇರಿಸಿದರು. ಆದರೆ ಪೆಟ್ಟಿನಿಂದ ರಕ್ತಸ್ರಾವವಾಗಿದ್ದ ಆ ತಲೆಯೊಳಗಿನ ಕಸರು ಸೀಳುಗಳಲ್ಲಿ ಸಿಕ್ಕಿಕೊಂಡು ಕವಾಟವು ಮತ್ತೆ ಮತ್ತೆ ಕಟ್ಟಿಹೋಗುತ್ತಿದ್ದಿತು. ಕಟ್ಟಿದಾಗಲೆಲ್ಲ ಮಗುವಿಗೆ ತಲೆನೋವು, ದೃಷ್ಟಿನಾಶ, ಮತ್ತೊಂದು ಶಸ್ತ್ರಕ್ರಿಯೆ. ಇಂಥ ಮನೆಯಲ್ಲಿ ತಾಯ್ತಂದೆಗಳ ಬಾಳು ಹೇಗಿರುತ್ತದೆಂಬುದನ್ನು ಊಹಿಸಿ ನೋಡಿರಿ. ಮಗು ಇಂದು ಏಕೆ ಹೆಚ್ಚು ನಿದ್ರಿಸುತ್ತಿದೆ? ಕುಡಿದ ಹಾಲನ್ನು ಕಕ್ಕಿದುದು ಅಜೀರ್ಣದಿಂದಲೋ, ಕೊಳವೆ ಕಟ್ಟಿದುದರಿಂದಲೋ? ಗಿಲಿಕೆಯನ್ನು ಹಿಡಿದರೆ ಕಣ್ಣು ಅತ್ತ ತಿರುಗುತ್ತದೆಯೋ ಇಲ್ಲವೋ? ಬೇರೆ ಮನೆಗಳಲ್ಲಿ ಯಾರೂ ಲಕ್ಷಿಸದ ಸಂಗತಿಗಳು ಅಲ್ಲಿ ಜೀವನ್ಮರಣದ ಪ್ರಶ್ನೆಗಳಾಗುತ್ತವೆ.

ಡಾಲನಿಗೆ ವೈದ್ಯವಿದ್ಯೆ ತಿಳಿಯದು. ಆದರೂ ವಿಧಿಯನ್ನು ಹಳಿದು ಕುಳಿತುಕೊಳ್ಳುವ ಸ್ವಭಾವ ಆತನದಲ್ಲ. 1961ರಲ್ಲಿ ಸಂಸಾರವು ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಎಂಬ ಹಳ್ಳಿಗೆ ಮರಳಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಕೆನೆತ್ ಟಿಲ್ ಎಂಬ ನರಶಸ್ತ್ರವೈದ್ಯನಿದ್ದನು. ಸಮೀಪದಲ್ಲಿಯೇ ಸ್ಟ್ಯಾನ್ಲಿ ವೇಡ್ ಎಂಬ ಇಂಜಿನಿಯರನಿದ್ದನು. ನೀರಿನ ಒತ್ತಡದ ಯಂತ್ರಗಳಲ್ಲಿ ನಿಪುಣನಾದ ಈತನಿಗೆ ಆಟದ ವಿಮಾನಗಳಿಗೆ ಪುಟ್ಟಪುಟ್ಟ ಎಂಜಿನುಗಳನ್ನು ಮಾಡುವ ಹವ್ಯಾಸವಿದ್ದಿತು. ಒಬ್ಬನಿಗೆ ಮೆದುಳು ಗೊತ್ತು, ಕವಾಟ ಮಾಡಲು ಬಾರದು; ಇನ್ನೊಬ್ಬನಿಗೆ ಕವಾಟ ಗೊತ್ತು, ಮೆದುಳಿನ ಸಂಗತಿ ತಿಳಿಯದು. ಇಬ್ಬರನ್ನೂ ಕೂಡಿಸಿದವನು ಕಥೆಗಾರ. ಮೂವರೂ ಸೇರಿ ಮಾಡಿದ ಕವಾಟದಲ್ಲಿ ಸೀಳುಗಳಿಗೆ ಬದಲಾಗಿ ಚಿಕ್ಕ ಸಿಲಿಕೋನ್ ಕೊಳವೆಯ ಎರಡು ತುದಿಗಳಲ್ಲಿಯೂ ಲೋಹದ ಪುಟ್ಟ ಬಿಲ್ಲೆಗಳಿದ್ದವು. ಮೇಲಿನಿಂದ ದ್ರವದ ಒತ್ತಡ ಬಿದ್ದರೆ ಬಿಲ್ಲೆ ಸರಿದು ದಾರಿ ಬಿಡುತ್ತಿದ್ದಿತು. ಕೆಳಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತಿದ್ದಿತು. ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆದವರಿಗೆ ಈ ತತ್ತ್ವ ತಿಳಿದೇ ಇದೆ. ಕಸರಿನಿಂದ ಕಟ್ಟಿಹೋಗುವ ಭಯ ಇದರಲ್ಲಿ ತೀರ ಕಡಿಮೆಯಾಗಿದ್ದಿತು.

1962ರಲ್ಲಿ ಕವಾಟ ಸಿದ್ಧವಾಯಿತು. ಆ ವೇಳೆಗೆ ಥಿಯೋ ಚೇತರಿಸಿಕೊಂಡಿದ್ದನು. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ. ತನ್ನ ಮನೆಯ ಕಷ್ಟ ಕಳೆಯಿತೆಂದು ಡಾಲನು ಕೈತೊಳೆದುಕೊಳ್ಳಲಿಲ್ಲ. ಕವಾಟವು ಪರರ ಮಕ್ಕಳಿಗೆ ಹೋಯಿತು. ಲೋಕದ ನಾನಾ ದೇಶಗಳಲ್ಲಿ ಸುಮಾರು 3000 ಮಕ್ಕಳಿಗೆ ಅದನ್ನು ಅಳವಡಿಸಿದರು. ಮೂವರು ನಿರ್ಮಾಪಕರೂ ಅದರಿಂದ ಲಾಭವನ್ನು ಪಡೆಯಬಾರದೆಂದು ತಮ್ಮಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಈಗ ಅದಕ್ಕಿಂತ ಉತ್ತಮವಾದ ಕವಾಟಗಳು ಬಂದಿವೆ. ಆದರೂ ವೇಡ್-ಡಾಲ್-ಟಿಲ್ ಕವಾಟವೆಂಬ ಹೆಸರು ವೈದ್ಯಕೀಯ ಚರಿತ್ರೆಯಲ್ಲಿ ನಿಂತಿದೆ.

ಅದೇ ವರ್ಷ ನವೆಂಬರ್ 17ರಂದು ಹಿರಿಯ ಮಗಳು ಒಲಿವಿಯ ದಡಾರದಿಂದ ಮೆದುಳಿಗೆ ಬಾವು ಬಂದು ಏಳನೆಯ ವಯಸ್ಸಿನಲ್ಲಿ ಅಸುನೀಗಿದಳು. ಡಾಲನ ಅಕ್ಕನು ತೀರಿದುದೂ ಏಳನೆಯ ವಯಸ್ಸಿನಲ್ಲಿಯೇ. ಆಗ ದಡಾರಕ್ಕೆ ಲಸಿಕೆಯಿರಲಿಲ್ಲ. ಲಸಿಕೆ ಬಂದ ಮೇಲೆಯೂ ಜನರು ಉದಾಸೀನ ಮಾಡುತ್ತಿರಲು, 1986ರಲ್ಲಿ ಡಾಲನು ಮಗಳ ಮರಣವನ್ನು ತಿಳಿಸಿ, ಮಕ್ಕಳಿಗೆ ಲಸಿಕೆ ಹಾಕಿಸಿರೆಂದು ಪೋಷಕರನ್ನು ಬೇಡಿ ಬರೆದನು. 1965ರ ಫೆಬ್ರವರಿಯಲ್ಲಿ ಗರ್ಭಿಣಿಯಾಗಿದ್ದ ಪೆಟ್ರಿಸಿಯಳಿಗೆ ಮೆದುಳಿನ ರಕ್ತನಾಳ ಒಡೆದು ನಡೆ, ನುಡಿ ಎರಡೂ ನಿಂತುಹೋದವು. ಡಾಲನು ನೆರೆಯವರನ್ನು ಕೂಡಿಸಿ, ದಿನವೂ ಸರದಿಯ ಮೇಲೆ ಆಕೆಗೆ ಮಾತು ಕಲಿಸುವ ಏರ್ಪಾಡು ಮಾಡಿದನು. ಆಗಸ್ಟಿನಲ್ಲಿ ಆರೋಗ್ಯವಾದ ಹೆಣ್ಣುಮಗು ಜನಿಸಿತು. 1968ರ ವೇಳೆಗೆ ಆಕೆ ಮತ್ತೆ ಚಲನಚಿತ್ರದಲ್ಲಿ ಕಾಣಿಸಿಕೊಂಡಳು. ಈ ದುಃಖಪರಂಪರೆಯ ನಡುವೆಯೇ 1964ರಲ್ಲಿ ಚಾಕೊಲೇಟ್ ಕಾರ್ಖಾನೆಯ ಕಥೆ ಹೊರಬಂದಿತು. 1982ರಲ್ಲಿ ಬಂದ ಒಳ್ಳೆಯ ದೈತ್ಯನ ಕಥೆಯನ್ನು ಆತನು ಒಲಿವಿಯಳ ನೆನಪಿಗೆ ಅರ್ಪಿಸಿದನು.

ಡಾಲನು ದೋಷರಹಿತನೆಂದು ನಾವು ಹೇಳುವುದಿಲ್ಲ. ಆತನ ನಾಲಗೆ ಕಟುವಾಗಿದ್ದಿತು. ಪತ್ನಿಯೊಡನೆ ಬಾಳು ಕೊನೆಯವರೆಗೆ ಸಾಗಲಿಲ್ಲ. 1983ರಲ್ಲಿ ವಿವಾಹ ವಿಚ್ಛೇದನವಾಯಿತು. ಯೆಹೂದ್ಯರ ವಿಷಯವಾಗಿ ದ್ವೇಷದ ಮಾತುಗಳನ್ನಾಡಿದನು. ಅದಕ್ಕಾಗಿ ಆತನ ಕುಟುಂಬದವರು 2020ರಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ತಿಳಿಯುವುದೇ ಚರಿತ್ರೆಯನ್ನು ಓದುವ ಕ್ರಮ. 1990ರ ನವೆಂಬರ್ 23ರಂದು, 74ನೆಯ ವಯಸ್ಸಿನಲ್ಲಿ, ಆತನು ಆಕ್ಸ್‌ಫರ್ಡಿನಲ್ಲಿ ಕಾಲವಾದನು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಬೆಳೆದಿದೆ. 1949ರಲ್ಲಿ ವೆಲ್ಲೂರಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರೂ, 1950ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಬಿ. ರಾಮಮೂರ್ತಿಯವರೂ ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ರಾಮಮೂರ್ತಿಯವರು ಮುಂದೆ ಸೇವೆ ಸಲ್ಲಿಸಿದ ವಿ.ಎಚ್.ಎಸ್. ಆಸ್ಪತ್ರೆಯು ನಮಗೆ ಸಮೀಪದ ತರಮಣಿಯಲ್ಲಿಯೇ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. ಈಗ ಸಾಮಾನ್ಯವಾಗಿ ಕೊಳವೆಯನ್ನು ಚರ್ಮದ ಅಡಿಯಲ್ಲಿಯೇ ಇಳಿಸಿ ಹೊಟ್ಟೆಯೊಳಕ್ಕೆ ಬಿಡುತ್ತಾರೆ. ಇದಕ್ಕೆ ಷಂಟ್ ಎಂದು ಹೆಸರು. ಮಗು ಬೆಳೆಯುವುದೆಂದು ಕೊಳವೆಯನ್ನು ಉದ್ದವಾಗಿಯೇ ಇಟ್ಟಿರುತ್ತಾರೆ. ಉತ್ತರ ಪ್ರದೇಶದ ಷಹಜಹಾನ್‌ಪುರದಲ್ಲಿ ದೇಶೀಯ ಷಂಟುಗಳೂ ತಯಾರಾಗುತ್ತವೆ. ಕೆಲವರಿಗೆ ಕೊಳವೆಯಿಲ್ಲದೆ, ದುರ್ಬೀನಿನಿಂದ ನೋಡುತ್ತ ಮೆದುಳಿನೊಳಗೆ ಹೊಸ ದಾರಿಯನ್ನು ತೆರೆಯುವುದೂ ಉಂಟು. ಗರ್ಭ ಧರಿಸುವ ಮೊದಲೇ ತಾಯಂದಿರು ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸತೊಡಗಿದರೆ ಮಗುವಿನ ಬೆನ್ನಿನ ದೋಷ ಬಹುಮಟ್ಟಿಗೆ ತಪ್ಪುತ್ತದೆ.

ಸಕಾಲದಲ್ಲಿ ಚಿಕಿತ್ಸೆ ಪಡೆದ ಇಂಥ ಮಕ್ಕಳಲ್ಲಿ ಅನೇಕರು ಶಾಲೆಗೆ ಬರುತ್ತಾರೆ, ಓದುತ್ತಾರೆ, ಆಡುತ್ತಾರೆ; ಕೆಲವರಿಗೆ ನಡೆಯುವುದಕ್ಕೋ ಕಲಿಯುವುದಕ್ಕೋ ಸಹಾಯ ಬೇಕಾಗುತ್ತದೆ. ಸಹಪಾಠಿಯ ಕಿವಿಯ ಹಿಂದೆ ಚರ್ಮದಡಿಯಲ್ಲಿ ಪುಟ್ಟ ಗಂಟೊಂದು ಕಂಡರೆ, ತಲೆ ಕೊಂಚ ದೊಡ್ಡದಾಗಿದ್ದರೆ, ಅಡ್ಡಹೆಸರಿಟ್ಟು ಕೂಗಬೇಡಿರಿ. ಅವನಿಗೆ ತಲೆನೋವು, ವಾಂತಿ, ತೂಕಡಿಕೆ ಬಂದರೆ ಸೋಮಾರಿತನವೆಂದು ನಗದೆ ಒಡನೆಯೇ ಉಪಾಧ್ಯಾಯರಿಗೆ ತಿಳಿಸಿರಿ. ಕೊಳವೆ ಕಟ್ಟಿದಾಗ ಗಂಟೆಗಳ ಲೆಕ್ಕದಲ್ಲಿ ಜೀವ ಉಳಿಯಬಹುದು, ಹೋಗಬಹುದು. ಲೋಹದ ಎರಡು ಬಿಲ್ಲೆಗಳಿಂದ ಮಗುವಿಗೆ ದಾರಿ ಮಾಡಿಕೊಡುವುದು ಎಲ್ಲರಿಗೂ ಸಾಧ್ಯವಾಗಲಾರದು. ಪಕ್ಕದಲ್ಲಿ ಕುಳಿತ ಗೆಳೆಯನ ಮೇಲೆ ಕಣ್ಣಿಟ್ಟಿರುವುದು ಮೂರನೆಯ ತರಗತಿಯ ಬಾಲಕನಿಗೂ ಸಾಧ್ಯ.