ಹೊಸೂರಿನ ಹುಡುಗ, ಬುಧವಾರದ ಉಪನ್ಯಾಸ

ಶಾಲಾ ಮಕ್ಕಳಲ್ಲಿ ಸಂಶೋಧನಾ ಪ್ರವೃತ್ತಿ ಬೆಳೆಸಬೇಕೆಂಬ ಮಾತು ಈಗ ಸರ್ಕಾರದ ಎಲ್ಲ ಹಂತಗಳಲ್ಲೂ ಕೇಳಿಬರುತ್ತಿದೆ. ಮಾತಿನ ಜೊತೆಗೆ ಹಣವೂ ಬಂದಿದೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನಿಗದಿಯಾಯಿತು. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕೆಲವು ವರ್ಷ ಸರ್ಕಾರಿ ಸೇವೆಯಲ್ಲಿದ್ದ ನನಗೆ ಇಂಥ ಅಂಕಿಗಳನ್ನು ಕಂಡಾಗಲೆಲ್ಲ ಡಾ. ಎಚ್. ನರಸಿಂಹಯ್ಯನವರ ಜೀವನ ನೆನಪಾಗುತ್ತದೆ. ಇಷ್ಟು ಹಣವಿಲ್ಲದೆ ಅವರು ಇದೇ ಕೆಲಸವನ್ನು ದಶಕಗಳ ಕಾಲ ನಡೆಸಿದರು.

ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅದು ಆಗ ಕೋಲಾರ ಜಿಲ್ಲೆ. ತಂದೆ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು, ತಾಯಿ ಕೂಲಿ ಮಾಡುತ್ತಿದ್ದವರು. ಊರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಹೊಸೂರಿನಲ್ಲಿ ಪಾಠ ಹೇಳಿದ್ದ ಗುರುಗಳೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರ ಕರೆಯನ್ನು ನಂಬಿ 1935ರಲ್ಲಿ ಹುಡುಗ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿಲ್ಲದ್ದರಿಂದ ಎರಡು ದಿನ ನಡೆದೇ ಬಂದ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ಯಲಹಂಕಗಳ ಮೂಲಕ ಸಾಗುವ ಈ ಮಾರ್ಗವನ್ನು ಇಂದು ನಾವು ಎರಡು ಗಂಟೆಗಳಲ್ಲಿ ಕ್ರಮಿಸುತ್ತೇವೆ.

ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಊಟ, ವಸತಿ ದೊರೆಯಿತು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದ್ದು ಇದೇ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಅದರಲ್ಲಿ ಯರವಾಡವೂ ಒಂದು. ಬಿಡುಗಡೆಯ ನಂತರ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು ಹಿಂತಿರುಗಿದ್ದು ಅದೇ ಕಾಲೇಜಿಗೆ, ಹಾಸ್ಟೆಲ್ಲಿನ ಕೋಣೆಗೆ. ಅವಿವಾಹಿತರಾಗಿಯೇ ಉಳಿದ ಅವರಿಗೆ ಕೊನೆಯವರೆಗೂ ವಿದ್ಯಾರ್ಥಿ ನಿಲಯವೇ ಮನೆಯಾಗಿತ್ತು.

ಪ್ರಾಂಶುಪಾಲರಾಗಿದ್ದಾಗ, 1962ರಲ್ಲಿ, ಅವರು ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತಿ ದೊಡ್ಡ ಕೆಲಸ ಇದು. ವಾರಕ್ಕೊಂದು ಸಂಜೆ, ಬುಧವಾರ, ವಿಜ್ಞಾನದ ಒಂದು ವಿಷಯದ ಮೇಲೆ ಬಲ್ಲವರಿಂದ ಉಪನ್ಯಾಸ. ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ. ಪ್ರವೇಶ ಎಲ್ಲರಿಗೂ ಮುಕ್ತ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದುಂಟು. ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಆದರೆ ಉಪನ್ಯಾಸ ಮುಗಿದೊಡನೆ ಚಡ್ಡಿ ತೊಟ್ಟ ಹುಡುಗನೊಬ್ಬ ಎದ್ದು ನಿಂತು ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಿಗೆ ಪ್ರಶ್ನೆ ಹಾಕುವುದನ್ನು, ಅವರು ಗಂಭೀರವಾಗಿ ಉತ್ತರಿಸುವುದನ್ನು ಅಲ್ಲಿ ಕಂಡೆ. ನಾನು ಓದಿದ ಹಳ್ಳಿಶಾಲೆಯಲ್ಲಿ ಹಾಗೆ ಎದ್ದು ನಿಂತವನಿಗೆ ಸಿಗುತ್ತಿದ್ದುದು ಬೇರೆಯದೇ ಉತ್ತರ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ (1972–77) ಪವಾಡ, ಮೂಢನಂಬಿಕೆಗಳ ವೈಜ್ಞಾನಿಕ ಪರಿಶೀಲನೆಗೆ 1976ರಲ್ಲಿ ಅವರು ಸಮಿತಿ ರಚಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ವೈಜ್ಞಾನಿಕ ಮನೋಭಾವ ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸುವ 42ನೇ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿದ್ದೂ ಅದೇ ವರ್ಷ. ಸಮಿತಿಯ ಗದ್ದಲದಲ್ಲಿ ಜನ ಅವರನ್ನು ಪವಾಡ ವಿರೋಧಿಯೆಂದಷ್ಟೇ ನೆನಪಿಟ್ಟುಕೊಂಡರು. ಹೊಸೂರಿನಲ್ಲಿ ಪ್ರೌಢಶಾಲೆ, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಲು ಅವರು ಪಟ್ಟ ಪಾಡು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ತಾನು ನಡೆದ ದೂರವನ್ನು ಇನ್ನೊಬ್ಬ ಹುಡುಗ ನಡೆಯಬಾರದೆಂಬ ಹಟ ಅದರ ಹಿಂದಿತ್ತು ಎಂದೇ ನಾನು ಭಾವಿಸುತ್ತೇನೆ. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ಅವರು ನಿಧನರಾದರು.

ಅವರನ್ನು ಎಲ್ಲರೂ ಕರೆಯುತ್ತಿದ್ದುದು ಎಚ್ಚೆನ್ ಎಂದು. ದೇವನಹಳ್ಳಿ ಕಡೆಯ ಮಕ್ಕಳಿಗೆ ಇಂದು ಎಚ್.ಎನ್. ಎಂದರೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸುವ ಯೋಜನೆ ಅದು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಬೇಡಿಕೆ ರೈತರದು. ಈ ಆಕಸ್ಮಿಕ ನಾಮಸಾಮ್ಯ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ನಮ್ಮೂರ ಕೆರೆಗೆ ಬರುವ ಈ ನೀರಿನಲ್ಲಿ ಏನಿದೆ, ಅದು ಕೊಳವೆಬಾವಿಗೂ ಇಳಿಯುತ್ತದೆಯೇ ಎಂದು ಎಂಟನೆಯ ತರಗತಿಯ ಬಾಲಕಿ ಕೇಳಿದರೆ ಅದಕ್ಕಿಂತ ಉತ್ತಮ ಸಂಶೋಧನಾ ವಿಷಯ ಬೇಕೆ? ತಿಂಗಳಿಗೊಮ್ಮೆ ಕೆರೆಯಿಂದಲೂ ಬಾವಿಯಿಂದಲೂ ನೀರು ತಂದು, ಆಮ್ಲೀಯತೆ, ನೈಟ್ರೇಟ್ ಅಳೆದು, ಮಳೆಗಾಲಕ್ಕೂ ಬೇಸಿಗೆಗೂ ಹೋಲಿಸಿ ಬರೆದಿಡಲು ದುಬಾರಿ ಯಂತ್ರ ಬೇಡ. ಬೇಕಾದ್ದು ಆ ಪ್ರಶ್ನೆಗೆ ಹೆದರದ ಮೇಷ್ಟ್ರು.

ಸೇವೆಯಲ್ಲಿದ್ದಾಗ ತಾಲ್ಲೂಕಿನ ಶಾಲೆಯೊಂದರ ತಪಾಸಣೆಗೆ ಹೋಗಿದ್ದೆ. ವಿಜ್ಞಾನದ ಉಪಕರಣಗಳು ಬೀರುವಿನಲ್ಲಿ ಭದ್ರವಾಗಿದ್ದವು. ಒಡೆದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಬೀಗ ತೆಗೆದಿರಲಿಲ್ಲ. ದಾಸ್ತಾನು ವಹಿ ಮಾತ್ರ ಅಚ್ಚುಕಟ್ಟು. ಬಂಡವಾಳ ವೆಚ್ಚವನ್ನು ಮಂಜೂರು ಮಾಡುವುದು ಆಡಳಿತಕ್ಕೆ ಸುಲಭ, ಏಕೆಂದರೆ ಅದಕ್ಕೆ ಉದ್ಘಾಟನೆಯಿದೆ. ವರ್ಷವರ್ಷವೂ ಬೇಕಾಗುವ ಅಧ್ಯಾಪಕರ ತರಬೇತಿ, ರಾಸಾಯನಿಕ, ಪ್ರಯಾಣಭತ್ಯೆಗಳ ಕಡತ ಮಾತ್ರ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಎಚ್ಚೆನ್ ಹಣ ಹಾಕದೆಯೂ ಈ ಎರಡನೆಯ ಬಗೆಯದನ್ನೇ ಕಟ್ಟಿದರು: ವಾರ ತಪ್ಪದ ಒಂದು ಗಂಟೆ.

ಇಂದು ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ, ಅದರ ಸುತ್ತ ವೈಮಾನಿಕ ಉದ್ಯಮಗಳಿವೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆಯೇ ಮಕ್ಕಳು ಓದುತ್ತಾರೆ. ಭೂಮಿ ಕೊಟ್ಟ ರೈತರ ಮಕ್ಕಳು ಆ ಕಾರ್ಖಾನೆಗಳ ಕಾವಲುಗಾರರಾಗುತ್ತಾರೋ, ವಿನ್ಯಾಸಕಾರರಾಗುತ್ತಾರೋ ಎಂಬುದು ಈಗಿನ ಎಂಟನೆಯ ತರಗತಿಯಲ್ಲೇ ತೀರ್ಮಾನವಾಗುತ್ತಿದೆ. ಬಸವನಗುಡಿಯ ಬುಧವಾರದಂತಹ ಸಂಜೆಯೊಂದನ್ನು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಆರಂಭಿಸಲು ಸಾಧ್ಯವಿದೆ. ನಿವೃತ್ತ ವಿಜ್ಞಾನಿಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಹೊಸಕೋಟೆ, ನೆಲಮಂಗಲಗಳಿಗೆ ನಗರದ ಬಸ್ಸುಗಳೇ ಹೋಗುತ್ತವೆ. ಬೇಕಾಗುವುದು ಒಂದು ಸಭಾಂಗಣ, ಕಪ್ಪು ಹಲಗೆ, ಮತ್ತು ದೂರದ ಹಳ್ಳಿಗಳಿಂದ ಬರುವ ಮಕ್ಕಳಿಗೆ ರಾತ್ರಿ ಮನೆಗೆ ಹಿಂತಿರುಗಲು ಒಂದು ವಾಹನ.