ಲಾಸ್ ವೇಗಾಸ್‌ಗೆ ಅರಮನೆ ಕಟ್ಟಿಕೊಟ್ಟ ಜೂಜುಕೋರ: ಜೇ ಸಾರ್ನೋ ಬದುಕಿನ ಕಥೆ

ಮರುಭೂಮಿಯ ನಡುವೆ ರೋಮ್ ಚಕ್ರವರ್ತಿಯ ಅರಮನೆ. ಎದುರಿಗೆ ಸಾಲುಸಾಲು ಕಾರಂಜಿ, ಒಳಗೆ ಕಾಲಿಟ್ಟಲ್ಲೆಲ್ಲ ಅಮೃತಶಿಲೆಯ ಪ್ರತಿಮೆ. ಲಾಸ್ ವೇಗಾಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲನ್ನು ಕಣ್ಣಾರೆ ನೋಡದವರೂ ಹಾಲಿವುಡ್ ಸಿನಿಮಾಗಳಲ್ಲಿ ಕಂಡಿರುತ್ತಾರೆ. ಆದರೆ ಅದನ್ನು ಕಟ್ಟಿಸಿದಾತನ ಹೆಸರು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ.

ಆತ ಜೇ ಸಾರ್ನೋ. ಹೋಟೆಲ್ ಎಂದರೆ ಉಳಿದುಕೊಳ್ಳುವ ಕೋಣೆಯಷ್ಟೇ ಅಲ್ಲ, ಅದೇ ಒಂದು ಕನಸಿನ ಲೋಕವಾಗಬೇಕು ಎಂಬ ಹುಚ್ಚನ್ನು ಲಾಸ್ ವೇಗಾಸ್‌ಗೆ ಹತ್ತಿಸಿದವನು. ದುರಂತವೆಂದರೆ, ಜೂಜಿನ ಅರಮನೆ ಕಟ್ಟಿದವನೇ ಜೂಜಿನ ಚಟಕ್ಕೆ ಬಿದ್ದು ಕೈ ಖಾಲಿ ಮಾಡಿಕೊಂಡ.

ಟೈಲ್ಸ್ ಗುತ್ತಿಗೆಯಿಂದ ಶುರು

1920ರ ದಶಕದ ಆರಂಭದಲ್ಲಿ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಎಂಬ ಊರಿನಲ್ಲಿ, ಪೋಲೆಂಡ್‌ನಿಂದ ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ ಸಾರ್ನೋ ಹುಟ್ಟಿದ. ತಂದೆ ಮರಗೆಲಸದವರು. ಮನೆತುಂಬ ಮಕ್ಕಳು, ಸಂಪಾದನೆ ಅಷ್ಟಕ್ಕಷ್ಟೇ. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಸ್ಟಾನ್ಲಿ ಮಾಲಿನ್ ಎಂಬ ಗೆಳೆಯ ಸಿಕ್ಕ. ಈ ಗೆಳೆತನ ಮುಂದೆ ವ್ಯವಹಾರದ ಪಾಲುದಾರಿಕೆಯಾಗಿ ದಶಕಗಳ ಕಾಲ ಉಳಿಯಿತು.

ಓದು ಮುಗಿದ ಮೇಲೆ ಇಬ್ಬರೂ ಮೊದಲು ಮಯಾಮಿ, ನಂತರ ಅಟ್ಲಾಂಟಾದಲ್ಲಿ ಟೈಲ್ಸ್ ಹಾಕುವ ಗುತ್ತಿಗೆ ಹಿಡಿದರು. ಕಟ್ಟಡ ಕಟ್ಟುವುದನ್ನು ಹತ್ತಿರದಿಂದ ನೋಡುತ್ತಿದ್ದ ಸಾರ್ನೋಗೆ ತಾನೇ ಯಾಕೆ ಕಟ್ಟಬಾರದು ಅನ್ನಿಸಿತು. ಆದರೆ ದುಡ್ಡೆಲ್ಲಿಂದ ಬರಬೇಕು?

ಆಗ ನೆರವಿಗೆ ಬಂದದ್ದು ಟ್ರಕ್ ಚಾಲಕರ ಪ್ರಬಲ ಕಾರ್ಮಿಕ ಸಂಘಟನೆ ಟೀಮ್‌ಸ್ಟರ್ಸ್. ಅದರ ನಾಯಕ ಜಿಮ್ಮಿ ಹೋಫಾ. ಸಾಮಾನ್ಯ ಬ್ಯಾಂಕ್‌ಗಳು ಸಾಲ ಕೊಡಲು ಹಿಂಜರಿಯುತ್ತಿದ್ದ ಯೋಜನೆಗಳಿಗೂ ಈ ಸಂಘಟನೆಯ ಪಿಂಚಣಿ ನಿಧಿ ಧಾರಾಳವಾಗಿ ಹಣ ಕೊಡುತ್ತಿತ್ತು. ಇದೇ ನಿಧಿಯ ಸಾಲಗಳಲ್ಲಿ ನಡೆದ ವಂಚನೆಗಾಗಿ 1964ರಲ್ಲಿ ಹೋಫಾ ತಪ್ಪಿತಸ್ಥನೆಂದು ಸಾಬೀತಾಯಿತು. ಲಾರಿ ಓಡಿಸುವವರು ಮುಪ್ಪಿಗೆಂದು ಕೂಡಿಟ್ಟ ಹಣ ಸಾರ್ನೋ ಕನಸುಗಳಿಗೆ ಬಂಡವಾಳವಾಯಿತು ಎಂಬುದನ್ನು ಮರೆಯುವಂತಿಲ್ಲ.

1958ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಕಬಾನಾ ಮೋಟೆಲ್ ಬಾಗಿಲು ತೆರೆಯಿತು. ಹೆದ್ದಾರಿ ಬದಿಯ ಮೋಟೆಲ್ ಎಂದರೆ ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೋಗುವ ಜಾಗ ಎಂದಿದ್ದ ಕಾಲವದು. ಸಾರ್ನೋ ಅಲ್ಲಿಗೂ ಕಾರಂಜಿ, ಪ್ರತಿಮೆಗಳನ್ನು ತಂದಿಟ್ಟ. ನಂತರ ಡಲ್ಲಾಸ್, ಪಾಲೋ ಆಲ್ಟೋಗಳಲ್ಲೂ ಕಬಾನಾ ಎದ್ದು ನಿಂತಿತು. ಬೀಟಲ್ಸ್ ತಂಡ ಅಮೆರಿಕ ಪ್ರವಾಸದಲ್ಲಿ ಈ ಎರಡೂ ಕಡೆ ತಂಗಿತ್ತು.

ಪ್ರತಿ ಅತಿಥಿಯೂ ಚಕ್ರವರ್ತಿ!

ಜೂಜಾಡಲು ಲಾಸ್ ವೇಗಾಸ್‌ಗೆ ಹೋಗಿ ಬರುತ್ತಿದ್ದ ಸಾರ್ನೋಗೆ ಒಂದು ವಿಷಯ ಕಾಡುತ್ತಿತ್ತು. ಅಲ್ಲಿ ಕೋಟಿಗಟ್ಟಲೆ ಹಣ ಹರಿಯುತ್ತಿದ್ದರೂ ಹೋಟೆಲ್‌ಗಳು ಸಪ್ಪೆಯಾಗಿದ್ದವು. ಮರುಭೂಮಿ, ಕೌಬಾಯ್ ಬಿಟ್ಟರೆ ಬೇರೆ ಕಲ್ಪನೆಯೇ ಇರಲಿಲ್ಲ. ತಾನು ಕಟ್ಟುವ ಹೋಟೆಲ್‌ಗೆ ಬಂದವರಿಗೆ ಬೇರೆಯೇ ಕಾಲಕ್ಕೆ ಹೋದಂತೆ ಅನ್ನಿಸಬೇಕು ಎಂದು ಆತ ತೀರ್ಮಾನಿಸಿದ.

ಜಾಗ ಕೊಟ್ಟವನು ಮತ್ತೊಬ್ಬ ಪ್ರಸಿದ್ಧ ಹೋಟೆಲ್ ಉದ್ಯಮಿ ಕರ್ಕ್ ಕೆರ್ಕೋರಿಯನ್. ಮೊದಲು ಬಾಡಿಗೆಗೆ ಕೊಟ್ಟು, 1968ರಲ್ಲಿ 50 ಲಕ್ಷ ಡಾಲರ್‌ಗೆ ಅದನ್ನು ಮಾರಿದ. ಹೋಟೆಲ್ ಕಟ್ಟುವುದಕ್ಕೆ ಮತ್ತೆ ಟೀಮ್‌ಸ್ಟರ್ಸ್ ನಿಧಿಯಿಂದ ಸುಮಾರು 1 ಕೋಟಿ ಡಾಲರ್ ಸಾಲ ಬಂತು. ಮಯಾಮಿಯ ವಾಸ್ತುಶಿಲ್ಪಿ ಮೆಲ್ವಿನ್ ಗ್ರಾಸ್‌ಮನ್ ನಕ್ಷೆ ಬರೆದರೂ, ಪ್ರತಿಯೊಂದರಲ್ಲೂ ಸಾರ್ನೋ ಕೈಯಾಡಿಸದೆ ಬಿಡಲಿಲ್ಲ. ಮೊಟ್ಟೆಯಾಕಾರ ಮನುಷ್ಯನ ಮನಸ್ಸನ್ನು ಹಗುರ ಮಾಡುತ್ತದೆ ಎಂಬುದು ಆತನ ಗಟ್ಟಿ ನಂಬಿಕೆ. ಹಾಗಾಗಿ ಕ್ಯಾಸಿನೋ ಕೂಡ ಅದೇ ಆಕಾರದಲ್ಲಿ ಬಂತು. ಅದನ್ನು ಹೋಟೆಲ್‌ನ ನಡುಮಧ್ಯೆಯೇ ಇಟ್ಟದ್ದರ ಹಿಂದೆ ಲೆಕ್ಕಾಚಾರವಿತ್ತು. ಊಟಕ್ಕೆ ಹೋಗುವವನೂ ಜೂಜಿನ ಮೇಜುಗಳನ್ನು ಹಾದೇ ಹೋಗಬೇಕು!

ಹೆಸರಿಡುವಾಗಲೂ ಇದೇ ಜಾಣತನ. ಇದು ಒಬ್ಬ ಸೀಸರ್‌ನ ಅರಮನೆಯಲ್ಲ, ಹಲವು ಸೀಸರ್‌ಗಳ ಅರಮನೆ ಎಂದು ಅರ್ಥ ಬರುವಂತೆ ಇಂಗ್ಲಿಷ್ ಹೆಸರಿನಲ್ಲಿ ಒಂದು ಚಿಹ್ನೆಯನ್ನೇ ತೆಗೆದುಹಾಕಿದ. ಬಂದ ಪ್ರತಿ ಅತಿಥಿಯೂ ಚಕ್ರವರ್ತಿಯೇ ಎಂಬುದು ಅದರ ಆಶಯ.

1966ರ ಆಗಸ್ಟ್ 5ರಂದು ಸೀಸರ್ಸ್ ಪ್ಯಾಲೇಸ್ ಉದ್ಘಾಟನೆಯಾಯಿತು. 14 ಅಂತಸ್ತು, 680 ಕೋಣೆ. ವೆಚ್ಚ ಸುಮಾರು 2.5 ಕೋಟಿ ಡಾಲರ್. 800 ಆಸನಗಳ ಸರ್ಕಸ್ ಮ್ಯಾಕ್ಸಿಮಸ್ ರಂಗಮಂದಿರದಲ್ಲಿ ಗಾಯಕ ಆಂಡಿ ವಿಲಿಯಮ್ಸ್ ಮೊದಲ ಕಾರ್ಯಕ್ರಮ ಕೊಟ್ಟರು. ಮುಂದೆ ಫ್ರಾಂಕ್ ಸಿನಾಟ್ರಾ ಕೂಡ ಇಲ್ಲಿಗೇ ಬಂದರು.

1967ರ ಡಿಸೆಂಬರ್ 31ರಂದು ಮೋಟಾರ್‌ಸೈಕಲ್ ಸಾಹಸಿ ಈವಲ್ ನೀವಲ್ ಹೋಟೆಲ್ ಎದುರಿನ ಕಾರಂಜಿಗಳ ಮೇಲೆ ಜಿಗಿದು, ಆಚೆ ಬದಿ ಬಿದ್ದು ಮೂಳೆ ಮುರಿದುಕೊಂಡ. ಈ ಅವಕಾಶ ಗಿಟ್ಟಿಸಲು ಆತ ಪತ್ರಕರ್ತ, ವಕೀಲ ಎಂದೆಲ್ಲ ಬೇರೆ ಬೇರೆ ದನಿಯಲ್ಲಿ ಸಾರ್ನೋಗೆ ಫೋನ್ ಮಾಡಿ, ನೀವಲ್ ಬಗ್ಗೆ ವಿಚಾರಿಸಿ ಕುತೂಹಲ ಹುಟ್ಟಿಸಿದ್ದನಂತೆ. ಆ ಬಿದ್ದ ದೃಶ್ಯ ಇಬ್ಬರನ್ನೂ ಜಗತ್ತಿಗೆ ಪರಿಚಯಿಸಿತು.

ತಲೆಯ ಮೇಲೆ ಟ್ರಪೀಜ್, ಕೆಳಗೆ ಜೂಜು

ಗೆದ್ದ ಕುದುರೆಯ ಮೇಲೆ ಕೂತು ಸುಮ್ಮನಿರುವ ಜಾಯಮಾನ ಸಾರ್ನೋದಲ್ಲ. 1968ರ ಅಕ್ಟೋಬರ್ 18ರಂದು ಸರ್ಕಸ್ ಸರ್ಕಸ್ ಶುರುವಾಯಿತು. ಡೇರೆಯ ಆಕಾರದ ದೈತ್ಯ ಕಟ್ಟಡ. ಮೇಲೆ ಟ್ರಪೀಜ್ ಕಲಾವಿದರ ತೂಗಾಟ, ಕೆಳಗೆ ಜೂಜು, ನಡುವೆ ಆನೆಯ ಓಡಾಟ!

ಸಮಸ್ಯೆ ಶುರುವಾದದ್ದೇ ಇಲ್ಲಿ. ಜೂಜಾಡಲು ಬಂದವರು ಕತ್ತೆತ್ತಿ ಸರ್ಕಸ್ ನೋಡುತ್ತ ನಿಂತರೆ ಕ್ಯಾಸಿನೋಗೆ ಆದಾಯವೆಲ್ಲಿ? ದೊಡ್ಡ ಮೊತ್ತ ಕಟ್ಟುವವರಿಗೆ ಈ ಗದ್ದಲ ಹಿಡಿಸಲಿಲ್ಲ. ಒಳಬರಲು ಟಿಕೆಟ್ ಬೇರೆ ಇಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಆರಂಭದಲ್ಲಿ ಅಲ್ಲಿ ತಂಗಲು ಕೋಣೆಗಳೇ ಇರಲಿಲ್ಲ.

ಇತ್ತ 1969ರಲ್ಲಿ ಸೀಸರ್ಸ್ ಪ್ಯಾಲೇಸ್ ಕೈಬಿಟ್ಟುಹೋಯಿತು. ಫ್ಲೋರಿಡಾದಲ್ಲಿ ಹಾಟ್‌ಡಾಗ್ ಮಾರಿ ಬೆಳೆದ ಲಮ್ಸ್ ಎಂಬ ರೆಸ್ಟೋರೆಂಟ್ ಕಂಪನಿ ಅದನ್ನು ಸುಮಾರು 6 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಸರ್ಕಸ್ ಸರ್ಕಸ್‌ನಲ್ಲಿ ಸಾಲದ ಜತೆ ಕೆಟ್ಟ ಹೆಸರೂ ಬೆಳೆಯಿತು. ಷಿಕಾಗೋ ಮಾಫಿಯಾದ ಟೋನಿ ಸ್ಪಿಲೋಟ್ರೋ ಬೇರೆ ಹೆಸರಿಟ್ಟುಕೊಂಡು ಅಲ್ಲಿನ ಗಿಫ್ಟ್ ಅಂಗಡಿ ನಡೆಸುತ್ತಿದ್ದ. ತೆರಿಗೆ ಅಧಿಕಾರಿಗೆ ಲಂಚ ಕೊಟ್ಟ ಆರೋಪದಲ್ಲಿ ಸಾರ್ನೋ, ಮಾಲಿನ್ ಇಬ್ಬರೂ ಕೋರ್ಟ್ ಮೆಟ್ಟಿಲು ಹತ್ತಿದರು. ಶಿಕ್ಷೆಯಾಗಲಿಲ್ಲವಾದರೂ ಹೊಡೆತ ಬಿದ್ದಾಗಿತ್ತು. ಸಂಸಾರವೂ ವಿಚ್ಛೇದನದಲ್ಲಿ ಮುಗಿಯಿತು.

1974ರಲ್ಲಿ ವಿಲಿಯಂ ಬೆನೆಟ್ ಮತ್ತು ವಿಲಿಯಂ ಪೆನ್ನಿಂಗ್‌ಟನ್ ಸರ್ಕಸ್ ಸರ್ಕಸ್ಸನ್ನು ಗುತ್ತಿಗೆಗೆ ಪಡೆದರು. ಅಗ್ಗದ ಕೋಣೆ, ಅಗ್ಗದ ಊಟ, ಮಕ್ಕಳಿಗೆ ಸರ್ಕಸ್ ಎಂದು ಮಧ್ಯಮವರ್ಗದ ಕುಟುಂಬಗಳನ್ನು ಸೆಳೆದು ಅದನ್ನೇ ಲಾಭದ ಗಣಿ ಮಾಡಿದರು. ಕಲ್ಪನೆ ಸಾರ್ನೋದು, ಲಾಭ ಮಾಡಿದ್ದು ಬೇರೆಯವರು.

ಕಟ್ಟದೇ ಉಳಿದ ಗ್ರಾಂಡಿಸ್ಸಿಮೋ

ಊಟ, ಗಾಲ್ಫ್, ಜೂಜು, ಮೂರರಲ್ಲೂ ಸಾರ್ನೋಗೆ ಮಿತಿ ಎಂಬುದೇ ಗೊತ್ತಿರಲಿಲ್ಲ. ಕ್ಯಾಸಿನೋದಲ್ಲಿ ಕೊನೆಗೆ ಗೆಲ್ಲುವುದು ಮನೆಯೇ ಎಂಬ ಲೆಕ್ಕ ಅದನ್ನು ಕಟ್ಟಿಸಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಆತ ಗಿರಾಕಿಯಾಗಿ ಮೇಜಿನ ಮುಂದೆ ಕೂರುತ್ತಲೇ ಇದ್ದ, ಸೋಲುತ್ತಲೇ ಇದ್ದ.

ಕೊನೆಯ ವರ್ಷಗಳಲ್ಲಿ ಕಂಕುಳಲ್ಲಿದ್ದದ್ದು ಗ್ರಾಂಡಿಸ್ಸಿಮೋ ಯೋಜನೆ. ಬರೋಬ್ಬರಿ 6,000 ಕೋಣೆಗಳ ಹೋಟೆಲ್! ಜಲಪಾತ, ಕಾರಂಜಿ, ಎಲ್ಲವೂ ಅದರಲ್ಲಿದ್ದವು. ಆದರೆ ಟೀಮ್‌ಸ್ಟರ್ಸ್ ನಿಧಿಯ ಬಾಗಿಲು ಮುಚ್ಚಿತ್ತು. ಬೇರೆ ಯಾರೂ ಇಷ್ಟು ದೊಡ್ಡ ಹುಚ್ಚಿಗೆ ಹಣ ಹಾಕಲು ಮುಂದೆ ಬರಲಿಲ್ಲ.

1984ರ ಜುಲೈ 21ರಂದು ಹೃದಯಾಘಾತದಿಂದ ಸಾರ್ನೋ ಕೊನೆಯುಸಿರೆಳೆದ. ವಯಸ್ಸು 62. ಸತ್ತದ್ದು ತಾನೇ ಕಟ್ಟಿಸಿದ ಸೀಸರ್ಸ್ ಪ್ಯಾಲೇಸ್‌ನ ಕೋಣೆಯಲ್ಲಿ. ಅಷ್ಟರಲ್ಲಾಗಲೇ ಆ ಅರಮನೆಯಲ್ಲಿ ಆತ ಮಾಲೀಕನಲ್ಲ, ಬರೀ ಅತಿಥಿ.

ಐದು ವರ್ಷಗಳ ನಂತರ, 1989ರಲ್ಲಿ, ಸ್ಟೀವ್ ವಿನ್ ಅದೇ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಕೋಣೆಗಳ ಮಿರಾಜ್ ತೆರೆದರು. 1990ರಲ್ಲಿ ಕೋಟೆಯಾಕಾರದ ಎಕ್ಸ್‌ಕ್ಯಾಲಿಬರ್, 1993ರಲ್ಲಿ ಪಿರಮಿಡ್ ಆಕಾರದ ಲಕ್ಸರ್ ಬಂದವು. ಕೊನೆಯ ಎರಡನ್ನೂ ಕಟ್ಟಿಸಿದ್ದು ಸರ್ಕಸ್ ಸರ್ಕಸ್ ಕಂಪನಿಯೇ. ಸಾರ್ನೋ ಬದುಕಿದ್ದಾಗ ಹುಚ್ಚು ಅನ್ನಿಸಿಕೊಂಡದ್ದು ಆತ ಹೋದ ಹತ್ತೇ ವರ್ಷದೊಳಗೆ ಇಡೀ ಊರಿನ ವ್ಯಾಪಾರವಾಗಿತ್ತು.